ಮೇಷ್ಟ್ರ ಮೂರನೇ ನೋಟ್‌ಬುಕ್ಕು

ಮೊನ್ನೆ ತ್ಯಾವಣಿಗೆಯಿಂದ ಚನ್ನಗಿರಿಗೆ ಬರುವಾಗ ಯಾರನ್ನೋ ಇಳಿಸಲು ಬಸ್ಸು ಒಂದು ಕಣದ ಪಕ್ಕ ನಿಂತಿತು. ಕಿಟಕಿಯಿಂದ ಚೊಗರಿನ ವಾಸನೆ ಒಳಗೆ ಬಂತು. ಅಡಿಕೆ ಬೇಯಿಸಿ ಬೇಯಿಸಿ ಹಂಡೆಯಲ್ಲಿ ಉಳಿಯುವ ಮಂದವಾದ ಕೆಂಪು ನೀರೇ ಚೊಗರು. ಬೆಂದ ಅಡಿಕೆಗೆ ಅದನ್ನು ಸವರಿ ಒಣಗಿಸಿದರೆ ಬಣ್ಣ ಏರುತ್ತದೆ. ಪಕ್ಕದ ಸೀಟಿನ ಹೊರಗಿನೂರ ಹೆಂಗಸು ಸೆರಗು ಮೂಗಿಗೆ ಹಿಡಿದಳು. ನನಗೆ ಮಾತ್ರ ಆ ವಾಸನೆ ಬಂದರೆ ಪಂಚಾಕ್ಷರಪ್ಪ ಮೇಷ್ಟ್ರು ನೆನಪಾಗುತ್ತಾರೆ. ಅವರ ಹಿಂದೆಯೇ ಆ ಸುಗ್ಗಿಯಲ್ಲಿ ನಾನು ಪಟ್ಟ ಅನುಮಾನಗಳೆಲ್ಲ ಸಾಲಾಗಿ ನೆನಪಾಗುತ್ತವೆ.

ಮೊದಲೇ ಹೇಳಿಬಿಡುತ್ತೇನೆ, ನಾನು ಅನುಮಾನದ ಪ್ರಾಣಿ. "ನಿನ್ನ ಮುಂದೆ ದೇವರು ಪ್ರತ್ಯಕ್ಷ ಆದ್ರೂ ಆಧಾರ್ ಕಾರ್ಡ್ ಕೇಳ್ತೀಯ ಸರೋಜಿ" ಅಂತ ನನ್ನ ಗಂಡ ಆಡಿಕೊಳ್ಳುವುದುಂಟು. ಚನ್ನಗಿರಿಯಲ್ಲಿ ನನ್ನದೊಂದು ಡಿಟಿಪಿ, ಜೆರಾಕ್ಸ್ ಅಂಗಡಿ. ಹದಿನೆಂಟು ವರ್ಷದಿಂದ ಜನರ ಅರ್ಜಿ, ಪಾಲುಪಟ್ಟಿ, ಮದುವೆ ಕಾರ್ಡು ಟೈಪ್ ಮಾಡುತ್ತಿದ್ದೇನೆ. ಸತ್ತವರು ಸಹಿ ಹಾಕಿದ್ದನ್ನು ನೋಡಿದ್ದೇನೆ. ಮೂವತ್ತೆಂಟರ ವರ ರಾತ್ರಿ ಕಳೆದು ಬೆಳಗಾಗುವುದರಲ್ಲಿ ಇಪ್ಪತ್ತೊಂಬತ್ತು ಆಗಿದ್ದನ್ನೂ ನೋಡಿದ್ದೇನೆ. ಅಂಥವಳಿಗೆ ಅನುಮಾನ ಬರದೆ ಇನ್ನೇನು ಬಂದೀತು.

ಜನ ಮಾಸ್ಕ್ ತೆಗೆದು ಒಂದು ವರ್ಷ ಆಗಿತ್ತು. ದೀಪಾವಳಿ ಕಳೆದ ವಾರ ಮೇಷ್ಟ್ರು ಅಂಗಡಿಗೆ ಬಂದರು. ಬಸವಾಪಟ್ಟಣದಲ್ಲಿ ಅಣ್ಣನ ಮನೆಯಲ್ಲಿ ಇದ್ದವರು. ಜಗಳೂರಲ್ಲಿ, ಆಮೇಲೆ ಹೊನ್ನಾಳಿಯಲ್ಲಿ ಕಾಲೇಜು ಹುಡುಗರಿಗೆ ತತ್ವಶಾಸ್ತ್ರ ಹೇಳಿ ನಿವೃತ್ತರಾದವರು. ಹೆಂಡತಿ ತೀರಿಕೊಂಡು ಬಹಳ ವರ್ಷ. ಜೇಬಲ್ಲಿ ಮೂರು ಪೆನ್ನು, ಕೈಯಲ್ಲಿ ಮೂರು ದಪ್ಪ ನೋಟ್‌ಬುಕ್ಕು.

"ಪುಸ್ತಕ ಆಗ್ಬೇಕಮ್ಮ ಇದು. ಚೆಂದ ಅಂದ್ರೆ ಏನು ಅಂತ."

"ಏನು ಅಂತ ಗೊತ್ತಾತಾ ಸಾರ್?" ಅಂದೆ.

"ಎರಡು ಸಲ ಗೊತ್ತಾಗಿತ್ತು" ಅಂದರು. ನಗಲಿಲ್ಲ.

ಮೊದಲ ನೋಟ್‌ಬುಕ್ಕು ಜಗಳೂರಿಂದು. ಇಪ್ಪತ್ತಾರನೇ ವಯಸ್ಸಿಗೆ ಅಲ್ಲಿಗೆ ಹೋದಾಗ, ಗಾರೆ ಇಲ್ಲದೆ ಕಲ್ಲಿಗೆ ಕಲ್ಲು ಕೂರಿಸಿ ಮುದುಕನೊಬ್ಬ ಕಟ್ಟಿದ್ದ ಹೊಲದ ಗೋಡೆ ನೋಡಿ ಬೆರಗಾಗಿ ಬರೆಯಲು ಶುರು ಮಾಡಿದ್ದಂತೆ. 'ಚೆಂದವೆಂದರೆ ಅಳತೆ. ಅದು ವಸ್ತುವಿನಲ್ಲೇ ಇದೆ. ಕಾಣದಿದ್ದರೆ ತಪ್ಪು ನೋಡುವವನದು' ಅಂತ ನೂರಾಎಂಬತ್ತು ಪುಟ. ಆ ವಯಸ್ಸಿನ ಗಂಡಸು ತಪ್ಪೆಲ್ಲ ಬೇರೆಯವರದು ಅಂತ ಬರೆಯುವುದರಲ್ಲಿ ಆಶ್ಚರ್ಯ ಏನಿಲ್ಲ.

ಎರಡನೆಯದು ಹೊನ್ನಾಳಿಯಲ್ಲಿ ಬರೆದದ್ದು. ಹೊಳೆ ತುಂಬಿ ಬಂದ ವರ್ಷ ಸೇತುವೆ ಮೇಲೆ ನಿಂತು "ಎಂಥಾ ಚೆಂದ" ಅಂದರಂತೆ. ಪಕ್ಕದಲ್ಲಿ ಪಾತ್ರೆಗಂಟು ತಲೆ ಮೇಲೆ ಹೊತ್ತು ನಿಂತಿದ್ದ ಹೆಂಗಸು, "ನಿಮ್ಮನೆ ಯಾವ ಕಡೆ ಐತೆ ಸಾರ್?" ಅಂತ ಕೇಳಿದಳಂತೆ. ಅಷ್ಟೇ. ಮೇಷ್ಟ್ರು ಮನೆಗೆ ಬಂದು ಮೊದಲ ನೋಟ್‌ಬುಕ್ಕು ಕಟ್ಟಿಟ್ಟರು. 'ಚೆಂದ ನೋಡುವವರ ಮನಸ್ಸಿನಲ್ಲಿದೆ. ಮನೆ ಉಳಿದವನಿಗೆ ಹೊಳೆ ಚೆಂದ, ಮನೆ ಹೋದವಳಿಗೆ ಅಲ್ಲ. ವಸ್ತುವಿನಲ್ಲಿ ಏನೂ ಇಲ್ಲ' ಅಂತ ಇನ್ನೊಂದು ಇನ್ನೂರು ಪುಟ.

ಮೂರನೆಯದನ್ನು ತೆಗೆದು ನೋಡಿದೆ. ಮೊದಲ ಹಾಳೆಯಲ್ಲಿ ಒಂದೇ ಪ್ರಶ್ನೆ ಇತ್ತು, ಮಿಕ್ಕಿದ್ದೆಲ್ಲ ಖಾಲಿ. 'ಚೆಂದವು ನೋಡುವವರ ಮನಸ್ಸಿನಲ್ಲಿ ಮಾತ್ರ ಇದ್ದರೆ, ನುರಿತ ಹತ್ತು ಜನ ಒಂದೇ ವಸ್ತುವನ್ನು ಚೆಂದ ಅನ್ನುವುದು ಹೇಗೆ?'

"ಅಡಿಕೆ ಆರಿಸೋರು ಹತ್ತು ಜನ ಕೂತ್ರೂ ಒಳ್ಳೆ ಅಡಿಕೆ ಒಂದೇ ರಾಶಿಗೆ ಬೀಳ್ತೈತಂತೆ" ಅಂದರು. "ನಿಮ್ಮ ತಾಯಾರು ಆ ಕೆಲಸದಲ್ಲಿ ದೊಡ್ಡೋರಂತೆ. ಒಂದಿಷ್ಟು ದಿನ ಅಲ್ಲಿ ಕೂತು ನೋಡ್ಬೇಕಿತ್ತು."

ಆಗಲೇ ನನ್ನ ಕಿವಿ ನೆಟ್ಟಗಾಯಿತು. ನನ್ನ ಅಂಗಡಿಗೆ ಬಂದದ್ದು ಟೈಪಿಗಲ್ಲ, ನಮ್ಮವ್ವನ ಸಲುವಾಗಿ.

ನಮ್ಮವ್ವ ಹಾಲಮ್ಮ ರುದ್ರೇಶಪ್ಪ ಸಾವ್ಕಾರ್ರ ಗೋಡೌನಲ್ಲಿ ಮೂವತ್ತೊಂದು ವರ್ಷದಿಂದ ಅಡಿಕೆ ಆರಿಸುತ್ತಿದ್ದಳು. ಹನ್ನೆರಡು ಹೆಂಗಸರು ಸಾಲಾಗಿ ಕೂತು ಗಟ್ಟಿ ಅಡಿಕೆ, ಟೊಳ್ಳು, ಒಡಕು, ಬಲಿತು ಹೋದ ಗೊರಬಲು ಅಂತ ಬೇರೆ ಬೇರೆ ರಾಶಿ ಮಾಡುತ್ತಾರೆ. ಚೀಲ ಹೊಲಿಯುವ ಮುಂಚೆ ಪ್ರತಿ ರಾಶಿಗೂ ಕೊನೆಗೊಮ್ಮೆ ಅವ್ವ ಕೈ ಹಾಕಬೇಕು. ಹಾಲಮ್ಮನ ಕೈ ಬಿದ್ದ ಮಾಲು ಅಂದರೆ ದೂರದ ವ್ಯಾಪಾರಿಗಳು ಬಿಚ್ಚಿ ನೋಡುತ್ತಿರಲಿಲ್ಲ. ಹಿರಿಯಳಾದವಳಿಗೆ ಬಾಗಿಲ ಪಕ್ಕದ ಬೆಳಕಿನ ಜಾಗ, ಅದು ಅಲ್ಲಿನ ಪದ್ಧತಿ. ಅದಕ್ಕೆ ಎರಡು ವರ್ಷ ಮೊದಲು ಅವ್ವ "ಬಾಗಿಲಲ್ಲಿ ಥಂಡಿ ಹೊಡೀತೈತೆ" ಅಂತ ಹೇಳಿ ಆ ಜಾಗ ಇನ್ನೊಬ್ಬಳಿಗೆ ಬಿಟ್ಟು ಮೂಲೆ ಸೇರಿದ್ದಳು. ನನ್ನಂಥ ಅನುಮಾನದ ಹೆಂಗಸಿಗೂ ಅದರಲ್ಲಿ ಏನೂ ಅನ್ನಿಸಲಿಲ್ಲ.

ಮೇಷ್ಟ್ರು ಹತ್ತು ಗಂಟೆಗೆ ಬಂದು ಅವ್ವನ ಎದುರಿಗೆ ಒಂದು ಸ್ಟೂಲ್ ಹಾಕಿಕೊಂಡು ಕೂರಲು ಶುರು ಮಾಡಿದರು. ಸಂಜೆವರೆಗೂ ನೋಡುವುದು, ಬರೆಯುವುದು. ಮೂರನೇ ದಿನಕ್ಕೆ ಸಾವ್ಕಾರ್ರಿಗೆ ತಡೆಯಲಾಗಲಿಲ್ಲ.

"ಮೇಷ್ಟ್ರೇ, ತಪ್ಪು ತಿಳ್ಕಬ್ಯಾಡ್ರಿ. ತಾವು ಯಾವ ಇಲಾಖೆ?"

"ತತ್ವಶಾಸ್ತ್ರ."

"ಅದು ಯಾವ ಮಿನಿಸ್ಟ್ರ ಕೈಯಾಗೆ ಬರ್ತೈತೆ?"

ಅವತ್ತಿಂದ ಗೋಡೌನಲ್ಲಿ ಮಾತು ಕಡಿಮೆಯಾಯಿತು. ಆ ವರ್ಷ ಹಳೇ ಅಡಿಕೆಗೆ ಕೆಂಪು ಪುಡಿ ಬಳಿದು ಹೊಸದು ಅಂತ ಸಾಗಿಸುವ ದಂಧೆ ಜೋರಾಗಿತ್ತು. ಮೇಷ್ಟ್ರು ಅದನ್ನು ಹಿಡಿಯಲು ಬಂದ ಆಫೀಸರೇ ಇರಬೇಕು ಅಂತ ಅರ್ಧ ಪೇಟೆ ನಂಬಿತ್ತು. ಅವರಿಗೆ ಟೀ ಜತೆ ಬಿಸ್ಕತ್ತೂ ಬರತೊಡಗಿತು.

ನನ್ನ ಅನುಮಾನ ಬೇರೆ. ಆ ತಿಂಗಳಲ್ಲೇ ಅವ್ವ ಗಿಳಿಹಸಿರು ಸೀರೆಯೊಂದನ್ನು ಕೊಂಡಳು. ಜೀವಮಾನದಲ್ಲಿ ಮಣ್ಣುಬಣ್ಣ, ಬೂದುಬಣ್ಣ ಬಿಟ್ಟು ಉಡದವಳು. ಆಮೇಲೆ ಒಂದು ಕೆಂಡದಂಥ ಕಿತ್ತಳೆ. ಅದರ ಮೇಲೆ ನೇರಳೆ ರವಿಕೆ. ಅರವತ್ಮೂರರ ವಿಧವೆ, ಎದುರಿಗೆ ಅರವತ್ತೆಂಟರ ವಿಧುರ, ನಡುವೆ ಅಡಿಕೆ ರಾಶಿ. ಬೀದಿಯ ಹೆಂಗಸರು "ಅಮ್ಮಾರು ಮಿಂಚ್ತಾವ್ರೆ" ಅಂದರು. ನನಗೆ ನಾಚಿಕೆಯೂ ಆಯಿತು, ಸಿಟ್ಟೂ ಬಂತು. ಒಂದು ಬೆಳಗ್ಗೆ ಕೇಳಿಯೇಬಿಟ್ಟೆ.

"ಅವ್ವ, ಈ ವಯಸ್ಸಾಗೆ ಇದೇನಿದು ಬಣ್ಣ?"

"ಯಾಕೆ, ಚೆಂದಿಲ್ವಾ?"

"ಯಾರಿಗೆ ಚೆಂದ ಕಾಣಾಕೆ?"

ಅವ್ವ ನನ್ನ ಕಡೆ ನೋಡಿದಳು. ಸ್ವಲ್ಪ ಪಕ್ಕಕ್ಕೆ ನೋಡಿದಂತಿತ್ತು. "ನನಗೆ ಕಣೆ" ಅಂದು ಹೊರಟುಹೋದಳು.

ಸಂಜೆ ಸಂಜೆ ಮೇಷ್ಟ್ರು ಬರೆದದ್ದನ್ನು ನನ್ನ ಟೇಬಲ್ ಮೇಲೆ ಇಟ್ಟು ಹೋಗುತ್ತಿದ್ದರು. ಟೈಪ್ ಮಾಡುತ್ತಾ ಮಾಡುತ್ತಾ ನನಗೆ ಮೈ ಉರಿಯುತ್ತಿತ್ತು. ಅದರಲ್ಲಿ ಇದ್ದದ್ದೆಲ್ಲ ನಮ್ಮವ್ವನ ಮಾತು. 'ಒಳ್ಳೆಯದು ಕೈಗೆ ಬಂದು ಕೂರುತ್ತದೆ, ಕೆಟ್ಟದ್ದು ಕೈಯಿಂದ ಇಳಿಯಲು ನೋಡುತ್ತದೆ' ಅಂತ ಅವಳು ನನಗೆ ಬದನೆಕಾಯಿ ಆರಿಸುವಾಗ ಹೇಳಿಕೊಟ್ಟದ್ದು. ಅವರ ಬರಹದಲ್ಲಿ ಅದು 'ನುರಿತ ಹೆಣ್ಣುಮಗಳೊಬ್ಬಳ ಪ್ರಕಾರ' ಆಗಿತ್ತು. ಹೆಸರಿಲ್ಲ. ನಾಳೆ ಪುಸ್ತಕ ಬರುತ್ತದೆ, ಶಾಲು ಹೊದಿಸುತ್ತಾರೆ, ಅವ್ವ ಮೂಲೆಯಲ್ಲಿ ಧೂಳು ಕುಡಿಯುತ್ತಾ ಕೂತಿರುತ್ತಾಳೆ ಅಂದುಕೊಂಡೆ. ಆ ವಾರ ಬೇಕಂತಲೇ ಅಕ್ಷರ ಸಣ್ಣದು ಮಾಡಿ ಪ್ರಿಂಟ್ ಕೊಟ್ಟೆ. ಅವರು ಭೂತಗನ್ನಡಿ ಹಿಡಿದು ಓದಿದರು.

ಸಂಕ್ರಾಂತಿ ಹಿಂದಿನ ವಾರ ಎಂಟು ಹಾಳೆ ಬಂದವು. ಅವತ್ತು ಅಂಗಡಿಯಲ್ಲಿ ಯಾರೂ ಇರಲಿಲ್ಲ. ಒಂದೊಂದೇ ಸಾಲು ಬೆರಳಿಗೆ ಇಳಿಯುತ್ತಿತ್ತು.

'ಮಧ್ಯಾಹ್ನ ಕರೆಂಟು ಹೋಯಿತು. ಗೋಡೌನು ಕತ್ತಲಾಯಿತು. ಹನ್ನೊಂದು ಜನರ ಕೈ ನಿಂತವು. ಒಬ್ಬಳ ಕೈ ನಿಲ್ಲಲಿಲ್ಲ. ಕರೆಂಟು ಹೋದದ್ದು ಅವಳಿಗೆ ತಿಳಿದೇ ಇರಲಿಲ್ಲ. ಮರುದಿನ ಅವಳ ಮುಂದೆ ಕೆಂಪು ಪೆನ್ನು, ನೀಲಿ ಪೆನ್ನು ಹಿಡಿದೆ. ಎರಡನ್ನೂ ಮುಟ್ಟಿ ನೋಡಿ, "ಪೆನ್ನು" ಎಂದಳು. ಹಾಲಮ್ಮನಿಗೆ ಕಣ್ಣು ಹೋಗಿ ಎರಡು ವರ್ಷವಾಗಿದೆ. ಅಡಿಕೆಯನ್ನು ಅಡಿಕೆಗೆ ತಾಗಿಸಿ ಸದ್ದು ಕೇಳುತ್ತಾಳೆ. ಹೆಬ್ಬೆರಳಲ್ಲಿ ಉಜ್ಜುತ್ತಾಳೆ. ಅನುಮಾನ ಬಂದದ್ದನ್ನು ಮೂಗಿಗೆ ಹಿಡಿಯುತ್ತಾಳೆ. ನಾನು ನಲವತ್ತು ವರ್ಷ ಕಣ್ಣಿನ ಬಗ್ಗೆ ಬರೆದೆ. ಚೆಂದ ವಸ್ತುವಿನಲ್ಲೂ ಇಲ್ಲ, ನೋಡುವವರಲ್ಲೂ ಇಲ್ಲ. ಎರಡರ ನಡುವಿನ ಬಹುಕಾಲದ ಒಡನಾಟದಲ್ಲಿದೆ. ಕಣ್ಣು ಕೊನೆಗೆ ಬಂದು ಹೆಸರು ಹೊಡೆದುಕೊಳ್ಳುತ್ತದೆ.'

ಒಂದೇ ಮನೆಯಲ್ಲಿ ಇದ್ದೆ ನಾನು. ಅವಳ ಕೈಯ ಮುದ್ದೆ ದಿನಾ ತಿಂದೆ. ಗಿಳಿಹಸಿರು ಸೀರೆ ನೋಡಿ ಸಲ್ಲದ್ದೆಲ್ಲ ಯೋಚಿಸಿದೆ. ಬಿಸಿಲಲ್ಲಿ ಹಿಡಿದ ಅಂಥ ಕಣ್ಣು ಕುಕ್ಕುವ ಬಣ್ಣ ಬಿಟ್ಟರೆ ಅವಳಿಗೆ ಬೇರೇನೂ ಕಾಣುತ್ತಲೇ ಇರಲಿಲ್ಲ ಅನ್ನುವುದು ಯಾರೋ ಮೇಷ್ಟ್ರ ಕೈಬರಹದಿಂದ ಗೊತ್ತಾಗಬೇಕಾಯಿತು. ಕೀಬೋರ್ಡಿನ ಮೇಲೆ ತಲೆ ಇಟ್ಟು ಅತ್ತೆ. ಪರದೆ ತುಂಬ ಒಂದೇ ಅಕ್ಷರ ಮೂರು ಪುಟ ಓಡಿತ್ತು.

ಮನೆಗೆ ಬಂದು ಕೇಳಿದೆ. ಅವ್ವ ಸೊಪ್ಪು ಸೋಸುತ್ತಿದ್ದಳು, ಬೆರಳಲ್ಲಿ.

"ಯಾಕವ್ವ ಹೇಳ್ಲಿಲ್ಲ?"

"ಹೇಳಿದ್ರೆ ಏನ್ ಮಾಡ್ತಿದ್ದೆ? ಮನೇಲಿ ಕೂರುಸ್ತಿದ್ದೆ. ಡಾಕ್ಟ್ರು ಕಣ್ಣು ಬಿಚ್ತಾರೆ ಅಂದ್ರೆ ಸಾವ್ಕಾರ್ರಿಗೆ ಗೊತ್ತಾಗ್ತೈತೆ. ಕುರುಡಿ ಕೈಗೆ ರಾಶಿ ಕೊಡ್ತಾರಾ ಯಾರಾರ? ಮೂವತ್ತೊಂದು ವರ್ಷ ಕಣೆ. ಅಲ್ಲಿ ನಾನು ಹಾಲಮ್ಮ. ಇಲ್ಲಿ ಕೂತ್ರೆ ಬರೀ ನಿಮ್ಮವ್ವ."

"ಆ ಮೇಷ್ಟ್ರು ಬರ್ದವ್ರೆ, ಹೆಸರು ಹಾಕಿ. ಊರೆಲ್ಲ ಓದ್ತೈತೆ."

"ಅವರ ಪುಸ್ತಕ ಯಾರು ಓದ್ತಾರೆ ಬಿಡು" ಅಂದಳು. ಆದರೆ ಸೊಪ್ಪಿನ ಮೇಲೆ ಕೈ ನಿಂತಿತ್ತು.

ಮರುದಿನ ಮೇಷ್ಟ್ರು ಬಂದೊಡನೆ ಎಂಟು ಹಾಳೆ ಅವರ ಮುಂದೆ ಇಟ್ಟೆ. ಇಷ್ಟು ದಿನ ಹೆಸರು ಹಾಕಲಿಲ್ಲ ಅಂತ ಸಿಟ್ಟಾದವಳು ಈಗ ಹೆಸರು ಹಾಕಿದ್ದಕ್ಕೆ ಕೂಗಾಡಿದೆ. "ನಿಮ್ಮ ಪುಸ್ತಕ ಮುಗೀಲಿ ಅಂತ ನಮ್ಮವ್ವನ ಅನ್ನ ಮುಗಿಸ್ತೀರಾ ಸಾರ್?"

ಅವರು ಹಾಳೆಗಳನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡರು. "ಇದಿಲ್ದಿದ್ರೆ ಪುಸ್ತಕ ಇಲ್ಲಮ್ಮ" ಅಂದರು. "ಇರ್ಲಿ ಬಿಡಿ." ನಾನು ನಂಬಲಿಲ್ಲ. ದಾವಣಗೆರೆಗೆ ಹೋಗಿ ಇನ್ಯಾರ ಹತ್ತಿರವೋ ಟೈಪ್ ಮಾಡಿಸುತ್ತಾರೆ ಅಂದುಕೊಂಡೆ. ನ್ಯಾಮತಿಯಲ್ಲಿ ತಮ್ಮ ತಂಗಿ ಮನೆ ಇದೆ, ಅಲ್ಲಿಂದ ಅವ್ವನನ್ನು ಕಣ್ಣಿನ ಆಪರೇಷನ್ನಿಗೆ ಕರೆದುಕೊಂಡು ಹೋಗುತ್ತಾರೆ, ಇಲ್ಲಿ ಯಾರಿಗೂ ಗೊತ್ತಾಗುವುದಿಲ್ಲ ಅಂತ ಅವರೇ ಹೇಳಿದಾಗಲೂ, ಇದರಲ್ಲಿ ಇನ್ನೇನು ಲಾಭ ಇದೆಯೋ ಅಂತ ಲೆಕ್ಕ ಹಾಕಿದೆ. ಲಾಭ ಸಿಗಲಿಲ್ಲ. ಸಿಗದಿದ್ದಕ್ಕೆ ಅನುಮಾನ ಇನ್ನೂ ಹೆಚ್ಚಾಯಿತು.

ಸಾವ್ಕಾರ್ರಿಗೆ ನೆಂಟರ ಮನೆ ಬಾಣಂತನ ಅಂತ ಹೇಳಿ ಅವ್ವ ನ್ಯಾಮತಿಯಲ್ಲಿ ಐದು ವಾರ ಇದ್ದಳು. ಒಂದು ಕಣ್ಣಿನ ಪೊರೆ ತೆಗೆದರು. ವಾಪಸ್ ಬಂದವಳು ಮೊದಲು ಕಪಾಟು ತೆಗೆದು ಗಿಳಿಹಸಿರು ಸೀರೆ ನೋಡಿದಳು. "ಅಯ್ಯ ನಮ್ಮವ್ವ, ಇದನ್ನ ಉಟ್ಕಂಡು ಓಡಾಡಿದ್ನಾ?" ಅಂದು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಕಣ್ಣಿಗೆ ನೀರು ತಾಗಬಾರದು ಅಂದಿದ್ದರು ಅಂತ ನಾನು ಬೈದೆ.

ಶಿವರಾತ್ರಿ ಹೊತ್ತಿಗೆ ಗೋಡೌನಿಗೆ ಹೋದಳು. ಬಾಗಿಲ ಪಕ್ಕದ ಜಾಗ ಕೇಳಿ ಪಡೆದಳು. ಸಂಜೆ ಬಂದು ನನ್ನ ಕೈ ಹಿಡಿದು, "ಎಷ್ಟು ಕೆಂಪೈತೆ ಕಣೆ ಅಡಿಕೆ. ಮರ್ತೇಹೋಗಿತ್ತು ನನಗೆ. ನೋಡ್ತಾ ಕೂತುಬಿಟ್ಟೆ" ಅಂದಳು. ಅವಳ ಮುಖ ಅಷ್ಟು ಬೆಳಗಿದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ.

ಹದಿನೈದು ದಿನಕ್ಕೆ ಮಾಲು ವಾಪಸ್ ಬಂತು. ಕಣ್ಣು ಬಂದ ಮೇಲೆ ಹಾಲಮ್ಮನ ಕೈ ಬಿದ್ದ ಮೊದಲ ರಾಶಿಯಲ್ಲಿ ಒಂಬತ್ತು ಚೀಲ ಪುಡಿ ಬಳಿದ ಹಳೇ ಅಡಿಕೆ.

ನನಗೆ ಫೋನ್ ಬಂದು ಓಡಿದೆ. ಒಂದು ಚೀಲ ನೆಲಕ್ಕೆ ಸುರಿದಿದ್ದರು. ಸಾವ್ಕಾರ್ರು ಅವ್ವನಿಗಿಂತ ಹತ್ತು ವರ್ಷ ಚಿಕ್ಕವರು. ಅವ್ವ ಕೆಲಸಕ್ಕೆ ಸೇರಿದಾಗಿಂದ ಹಾಲಮ್ಮಕ್ಕ ಅಂತಲೇ ಕರೆದವರು. ಅವತ್ತು ಅಕ್ಕ ಬಿಟ್ಟುಹೋಗಿತ್ತು.

"ಯಾರ ಕಡೆ ಸೇರ್ಕಂಡೆ ಹಾಲಮ್ಮ? ಇದು ಗೊತ್ತಾಗ್ದಷ್ಟು ಹೊಸಬಳಾ ನೀನು? ಐದು ವಾರ ಎಲ್ಲಿಗೆ ಹೋಗಿದ್ದೆ? ಯಾರನ್ನ ನೋಡಾಕೆ ಹೋಗಿದ್ದೆ?"

ಹನ್ನೊಂದು ಹೆಂಗಸರೂ ನೆಲ ನೋಡುತ್ತಾ ನಿಂತಿದ್ದರು. ಅವ್ವ ತಾನೇ ಏನು ಹೇಳುವುದು? ಕಣ್ಣಿಲ್ಲದಾಗ ಒಂದು ಅಡಿಕೆಗೂ ಮೋಸಹೋಗದವಳು ಕಣ್ಣು ಬಂದ ಖುಷಿಗೆ ಬಣ್ಣ ನೋಡಿ ಬಿದ್ದಳು ಅಂತ ಹೇಳಿದರೆ, ಎರಡು ವರ್ಷ ಕುರುಡಿಯಾಗಿದ್ದೆ ಅಂತ ಒಪ್ಪಬೇಕು. ಒಪ್ಪದಿದ್ದರೆ ಕಳ್ಳಿ. ಆ ಸ್ಟೂಲ್ ಮೇಲೆ ಮೇಷ್ಟ್ರು ಕೂತೇ ಇದ್ದರು. ಈ ಮನುಷ್ಯ ಇವತ್ತೂ ಬರೆದುಕೊಳ್ಳುತ್ತಾನೆ ಅಂತ ನನಗೆ ಅವರ ಮೇಲೆ ಅಸಹ್ಯ ಹುಟ್ಟಿತು.

ಅವ್ವ ಅವರ ಕಡೆ ತಿರುಗಿದಳು. "ಮೇಷ್ಟ್ರೇ, ಆ ಹಾಳೆ ಐತೇನ್ರಿ?"

"ಐತೆ" ಅಂದರು. ಜೇಬಿಗೆ ಕೈ ಹಾಕಿದರು. ಮಡಿಕೆ ಹಾಕಿದ ಅದೇ ಎಂಟು ಹಾಳೆ. ಬೆವರಿಗೆ ಅಂಚು ಹಳದಿಯಾಗಿದ್ದವು. ದಾವಣಗೆರೆಗೂ ಹೋಗಿರಲಿಲ್ಲ, ಎಲ್ಲಿಗೂ ಹೋಗಿರಲಿಲ್ಲ. ನನಗೆ ಅಲ್ಲೇ ಭೂಮಿಗೆ ಇಳಿದುಹೋಗುವಂತಾಯಿತು.

"ಬ್ಯಾಡ್ರಿ ಹಾಲಮ್ಮಾರೆ" ಅಂದರು ಮೇಷ್ಟ್ರು.

"ಓದ್ರಿ. ಕುರುಡಿ ಅನ್ನಿಸ್ಕಂತೀನಿ, ಕಳ್ಳಿ ಅನ್ನಿಸ್ಕಳಲ್ಲ."

ಅವರು ಎದ್ದು ನಿಂತು ಪಾಠ ಓದುವಂತೆ ಓದಿದರು. ಮುಗಿದ ಮೇಲೆ ಸಾವ್ಕಾರ್ರು ಅವ್ವನನ್ನು ನೋಡಿದರು, ಮೇಷ್ಟ್ರನ್ನು ನೋಡಿದರು, ನನ್ನನ್ನೂ ನೋಡಿದರು.

"ಮೂರು ಜನ ಕೂತ್ಕಂಡು ಕಟ್ಟಿದ ಕತೆ ಇದು."

ನನಗೆ ಸಿಟ್ಟು ಬರಲಿಲ್ಲ. ಅವರ ಜಾಗದಲ್ಲಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ.

ಅವ್ವ ಅಂದಳು, "ಎರಡು ವರ್ಷದಾಗೆ ನನ್ನ ಕೈಯಿಂದ ಹೋದ ಒಂದು ಚೀಲ ವಾಪಸ್ ಬಂದಿತ್ತಾ ಸಾವ್ಕಾರ್ರೆ?" ಆಮೇಲೆ ಸುರಿದ ರಾಶಿಯ ಮುಂದೆ ಕೂತಳು. ಮೇಷ್ಟ್ರ ಹೆಗಲ ಟವೆಲು ತಗೊಂಡು ತನ್ನ ಕಣ್ಣಿಗೆ ತಾನೇ ಕಟ್ಟಿಕೊಂಡಳು. "ಒಳ್ಳೇದು, ಕೆಟ್ಟದ್ದು ಕಲೆಸಿ ಒಂದು ಪುಟ್ಟಿ ಹಾಕ್ರಿ."

ಸಾವ್ಕಾರ್ರೇ ಕಲೆಸಿ ಹಾಕಿದರು. ಟಣ್, ಟಣ್, ಡಬ್. ಅಡಿಕೆಗೆ ಅಡಿಕೆ ತಾಗುವ ಸದ್ದು ಬಿಟ್ಟರೆ ಗೋಡೌನಲ್ಲಿ ಉಸಿರೂ ಇರಲಿಲ್ಲ. ಕೆಟ್ಟದ್ದೆಲ್ಲ ಎಡಕ್ಕೆ, ಒಳ್ಳೆಯದೆಲ್ಲ ಮಡಿಲಿಗೆ. ಮುಗಿದ ಮೇಲೆ ಸಾವ್ಕಾರ್ರು ಹೆಬ್ಬೆರಳಿಗೆ ನೀರು ಮುಟ್ಟಿಸಿಕೊಂಡು ಒಂದೊಂದನ್ನೂ ಉಜ್ಜಿ ನೋಡಿದರು. ಪುಡಿ ಬಳಿದದ್ದಾದರೆ ಬಣ್ಣ ಬೆರಳಿಗೆ ಹತ್ತುತ್ತದೆ. ಒಂದೂ ತಪ್ಪಿರಲಿಲ್ಲ ಅಂತ ಬರೆದರೆ ನೀವು ನಂಬಬಾರದು. ಎರಡು ತಪ್ಪಿದ್ದವು. ಕಣ್ಣು ಬಿಟ್ಟುಕೊಂಡು ಸಾವ್ಕಾರ್ರು ಆರಿಸಿದ ಇನ್ನೊಂದು ಪುಟ್ಟಿಯಲ್ಲಿ ಹತ್ತೊಂಬತ್ತು ತಪ್ಪಿದ್ದವು.

ಅವರು ಬೆರಳು ಒರೆಸಿಕೊಂಡರು. "ನಾಳೆಯಿಂದ ಮೂಲೇಲೇ ಕೂತ್ಕ ಹಾಲಮ್ಮಕ್ಕ" ಅಂದರು. ಹಿಂದಿನ ಸಾಲಲ್ಲಿ ಯಾರೋ ಮೂಗು ಒರೆಸಿಕೊಂಡರು. ನಾನಂತೂ ಬಿಕ್ಕಿ ಬಿಕ್ಕಿ ಅತ್ತೆ.

ಅವತ್ತು ಮೇಷ್ಟ್ರಿಗೆ ಹಬ್ಬ. ನಲವತ್ತು ವರ್ಷದ ಪ್ರಶ್ನೆಗೆ ಉತ್ತರ ಕಣ್ಣೆದುರೇ ನಡೆದುಹೋಗಿತ್ತು, ಅದಕ್ಕೆ ಹನ್ನೊಂದು ಸಾಕ್ಷಿಯೂ ಇತ್ತು. ನಮ್ಮ ಮನೆಗೆ ಬಂದು ಕೂತು, "ಇನ್ನು ಪುಸ್ತಕ ಮುಗೀತು ಹಾಲಮ್ಮಾರೆ. ನಿಮ್ಮ ಹೆಸರಲ್ಲೇ ಬರ್ತೈತೆ. ಬಣ್ಣ ಬರೀ ಮೋಸ, ಚೆಂದ ಕೈಯಾಗೈತೆ" ಅಂದರು. ನಾನು ಟೀ ಕೊಟ್ಟೆ. ಮೊದಲ ಸಲ ಸಕ್ಕರೆ ಸರಿಯಾಗಿ ಹಾಕಿ ಕೊಟ್ಟೆ.

ಅವ್ವ ಸೆರಗಿನ ಗಂಟು ಬಿಚ್ಚಿ ಒಂದು ಅಡಿಕೆ ತೆಗೆದಳು. ಪುಡಿ ಬಳಿದ ಅಡಿಕೆ. ನೆಲಕ್ಕೆ ಸುರಿದ ರಾಶಿಯಿಂದ ಯಾವಾಗ ಎತ್ತಿಕೊಂಡಳೋ. ಬೆಳಕಿಗೆ ಹಿಡಿದಳು.

"ಮೋಸಾನೇ ಮೇಷ್ಟ್ರೇ, ಇಲ್ಲ ಅನ್ನಲ್ಲ. ನನ್ನ ಮರ್ವಾದೆ ಕಳೀತು ಇದು. ಆದ್ರೂ ಅವತ್ತು ಬಾಗಿಲಾಗೆ ಕೂತಾಗ ಎಷ್ಟು ಚೆಂದ ಇತ್ತು ಅಂದ್ರೆ, ಆ ಖುಷಿ ಸುಳ್ಳಲ್ಲ ರೀ. ಅದನ್ನೂ ಬರ್ಕಳ್ರಿ."

ಮೇಷ್ಟ್ರು ಟೀ ಲೋಟ ಕೆಳಗಿಟ್ಟರು. ಅಡಿಕೆ ಕೈಗೆ ತಗೊಂಡು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಮೂರನೇ ನೋಟ್‌ಬುಕ್ಕನ್ನು ಚೀಲಕ್ಕೆ ಹಾಕಿ, "ಇನ್ನೊಂದು ತಗಬೇಕು ಹಂಗಾದ್ರೆ" ಅಂದರು.

ಈಗ ನಾಲ್ಕನೆಯದು ನಡೆಯುತ್ತಿದೆ. ಪುಸ್ತಕ ಇನ್ನೂ ಬಂದಿಲ್ಲ. ಅವ್ವ ಕಳೆದ ವರ್ಷ ತಾನಾಗಿಯೇ ಕೆಲಸ ಬಿಟ್ಟಳು. ಆ ಅಡಿಕೆ ನಮ್ಮ ಕಿಟಕಿಯ ಮೇಲೆ ಇದೆ. ಕೆಟ್ಟದ್ದನ್ನು ಯಾಕೆ ಇಟ್ಟುಕೊಂಡಿದ್ದೀಯ ಅಂದರೆ, "ಇರ್ಲಿ ಬಿಡೆ, ನೋಡಾಕೈತೆ" ಅನ್ನುತ್ತಾಳೆ. ಮೇಷ್ಟ್ರು ಬಂದಾಗೆಲ್ಲ ಹೆಬ್ಬೆರಳು ನೀರಲ್ಲಿ ಅದ್ದಿ ಅದನ್ನು ಒಂದು ಸಲ ಉಜ್ಜಿ, ಬೆರಳು ನೋಡಿಕೊಂಡು, ಮತ್ತೆ ಅಲ್ಲೇ ಇಟ್ಟು ಹೋಗುತ್ತಾರೆ.

ತ್ಯಾವಣಿಗೆಯಿಂದ ಬಂದ ದಿನ ಮನೆಯಲ್ಲಿ ಯಾರೂ ಇರಲಿಲ್ಲ. ಕಿಟಕಿಗೆ ಇಳಿಬಿಸಿಲು ಬಿದ್ದಿತ್ತು. ನಾನೂ ಅದನ್ನು ತೆಗೆದು ಬೆಳಕಿಗೆ ಹಿಡಿದು ನೋಡಿದೆ, ಅವ್ವ ಹಿಡಿದ ಹಾಗೆಯೇ. ಎಷ್ಟು ಹೊತ್ತು ನಿಂತಿದ್ದೆನೋ ಗೊತ್ತಿಲ್ಲ, ಅಂಗಡಿ ಬೀಗ ತೆಗೆಯುವುದೇ ಮರೆತಿತ್ತು. ಉಜ್ಜಿ ನೋಡಲು ಮನಸ್ಸು ಬರಲಿಲ್ಲ.